ಬೂದಿಹೊಂಡದ ಕೆಳಗಿನ ನೀರು: ಅಮೆರಿಕದ 2015ರ ನಿಯಮದ ಸಾಧನೆ ಮತ್ತು ಮಿತಿ

ಕಲ್ಲಿದ್ದಲು ಉರಿದು ಉಳಿದ ಬೂದಿಯನ್ನು ನೀರಿನಲ್ಲಿ ಕಲಸಿ, ಕೊಳವೆಗಳಲ್ಲಿ ಹರಿಸಿ, ಪಕ್ಕದ ಹೊಂಡಗಳಲ್ಲಿ ತುಂಬಿಡುವ ಪದ್ಧತಿ ಅಮೆರಿಕದ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ದಶಕಗಳ ಕಾಲ ನಡೆದುಬಂದಿತು. 2008ರ ಡಿಸೆಂಬರ್ 22ರಂದು ಟೆನೆಸ್ಸಿ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಇಂಥದೊಂದು ಹೊಂಡದ ಒಡ್ಡು ಒಡೆದು, ನೂರು ಕೋಟಿ ಗ್ಯಾಲನ್‌ಗೂ ಹೆಚ್ಚು ಬೂದಿಕೆಸರು ಎಮರಿ ನದಿಗೆ ನುಗ್ಗಿದ ಮೇಲೆ ದೇಶ ಎಚ್ಚೆತ್ತುಕೊಂಡಿತು. ಆದರೆ ಒಡ್ಡು ಗಟ್ಟಿಯಾಗಿದ್ದಾಗಲೂ ಹೊಂಡದ ತಳದಿಂದ ಅಂತರ್ಜಲಕ್ಕೆ ಇಳಿಯುವ ವಿಷ ಇನ್ನೂ ವ್ಯಾಪಕವಾದ ಹಾನಿಯಾದ್ದರಿಂದ, ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಹೊರಡಿಸಿದ ನಿಯಮದ ಬೆಲೆಯನ್ನು ಈ ಸೋರಿಕೆಯನ್ನು ಮುಂದಿಟ್ಟುಕೊಂಡೇ ಕಟ್ಟಬೇಕಾಗುತ್ತದೆ.

ನಿಯಮದ ನಿಜವಾದ ಬಲ ನಿಗಾ ಬಾವಿಗಳ ಏರ್ಪಾಡಿನಲ್ಲಿದೆ. ಅಂತರ್ಜಲ ಹೊಂಡವನ್ನು ತಲುಪುವ ಮೊದಲಿನ ಜಾಗದಲ್ಲಿ ಕನಿಷ್ಠ 1 ಬಾವಿಯನ್ನೂ, ಹೊಂಡವನ್ನು ದಾಟಿ ಹರಿಯುವ ಕಡೆಯಲ್ಲಿ ಕನಿಷ್ಠ 3 ಬಾವಿಗಳನ್ನೂ ಕೊರೆದು ನೀರನ್ನು ಹೋಲಿಸಬೇಕು. ಮೊದಲ ಹಂತದಲ್ಲಿ ಬೋರಾನ್, ಸಲ್ಫೇಟ್, ಕ್ಲೋರೈಡ್ ಮೊದಲಾದವು ಏರಿದ್ದು ಕಂಡರೆ, ಎರಡನೆಯ ಹಂತದಲ್ಲಿ ಆರ್ಸೆನಿಕ್, ಸೀಸ, ಲಿಥಿಯಂ, ರೇಡಿಯಂಗಳನ್ನು ಪರೀಕ್ಷಿಸಬೇಕು. ಬೋರಾನನ್ನು ಮುಂದಿಟ್ಟದ್ದು ವಿವೇಕದ ಆಯ್ಕೆ. ಬೂದಿಯಿಂದ ಸುಲಭವಾಗಿ ಕರಗಿ ಹೊರಬರುವ ಈ ಧಾತು ಮಣ್ಣಿನ ಕಣಗಳಿಗೆ ಹೆಚ್ಚು ಅಂಟಿಕೊಳ್ಳದೆ ನೀರಿನ ಜೊತೆಯಲ್ಲೇ ಸಾಗುವುದರಿಂದ, ನಿಧಾನವಾಗಿ ಚಲಿಸುವ ಆರ್ಸೆನಿಕ್‌ಗಿಂತ ಮೊದಲೇ ಸೋರಿಕೆಯ ಸುಳಿವು ಕೊಡುತ್ತದೆ. ಫಲಿತಾಂಶಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದೂ ಕಡ್ಡಾಯವಾದ್ದರಿಂದ, ಪರಿಸರ ಸಂಘಟನೆಗಳು 2019ರಲ್ಲಿ ಅವನ್ನು ಪರಿಶೀಲಿಸಿ, 265 ಸ್ಥಾವರಗಳ ಪೈಕಿ ಶೇ. 91ರಷ್ಟು ಕಡೆ ಬೂದಿಯ ಬಳಿಯ ಅಂತರ್ಜಲ ಸುರಕ್ಷಿತ ಮಿತಿಯನ್ನು ಮೀರಿದೆ ಎಂದು ತೋರಿಸಲು ಸಾಧ್ಯವಾಯಿತು.

ಇಷ್ಟನ್ನು ಬಯಲಿಗೆ ತಂದ ನಿಯಮವೇ ಆ ಮಾಹಿತಿಯ ವ್ಯಾಖ್ಯಾನವನ್ನು ಕಂಪನಿಗಳ ಕೈಗೆ ಒಪ್ಪಿಸಿದ್ದು ಅದರ ದೊಡ್ಡ ದೋಷ. ಬೂದಿ ಬಿದ್ದು ದಶಕಗಳಾದ ಜಾಗದ ಬಾವಿಯ ನೀರನ್ನು ಅದೇ ಬಾವಿಯ ಹಿಂದಿನ ನೀರಿನೊಡನೆ ಹೋಲಿಸಿದರೆ, ಆಗಲೇ ಕೆಟ್ಟಿದ್ದ ನೀರೇ ಶುದ್ಧತೆಯ ಅಳತೆಗೋಲಾಗಿ, ಮಾಲಿನ್ಯ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಇದರ ಮೇಲೆ, ಉತ್ಪಾದನೆ ನಿಲ್ಲಿಸಿದ ಸ್ಥಾವರಗಳ ಹಳೆಯ ಹೊಂಡಗಳನ್ನು ನಿಯಮ ಹೊರಗಿಟ್ಟಿತು. ಆದರೆ ವಿದ್ಯುತ್ ಉತ್ಪಾದನೆ ನಿಂತ ಮಾತ್ರಕ್ಕೆ ಸೋರಿಕೆ ನಿಲ್ಲುವುದಿಲ್ಲ. ಈ ವಿನಾಯಿತಿಯನ್ನು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿದರೂ, ಆ ಹೊಂಡಗಳು ನಿಯಮದ ವ್ಯಾಪ್ತಿಗೆ ಬರಲು 2024ರವರೆಗೆ ಕಾಯಬೇಕಾಯಿತು.

ಮಾಲಿನ್ಯವನ್ನು ಅಳೆಯುವುದು ಪರಿಹಾರದ ಅರ್ಧ ಭಾಗ ಮಾತ್ರ. ಬೂದಿಯ ಮೇಲೆ ಹೊದಿಕೆ ಹಾಸಿದರೆ ಮಳೆನೀರು ಇಳಿಯುವುದು ತಪ್ಪುತ್ತದೆಯೇ ಹೊರತು, ಅಂತರ್ಜಲದಲ್ಲೇ ಮುಳುಗಿರುವ ಬೂದಿಯನ್ನು ಪಕ್ಕದಿಂದ ಹರಿಯುವ ನೀರು ತೊಳೆಯುತ್ತಲೇ ಇರುತ್ತದೆ. ಇಂಥ ಕಡೆ ಬೂದಿಯನ್ನು ಅಗೆದು, ತಳಕ್ಕೆ ನೀರು ಸೋರದ ಹಾಸು ಹಾಕಿದ ಒಣ ಜಾಗಕ್ಕೆ ಸಾಗಿಸುವುದೇ ಸರಿಯಾದ ದಾರಿ. ಇದು ದುಬಾರಿ, ಆದ್ದರಿಂದ ಅಸಾಧ್ಯ ಎಂಬ ವಾದ ನಿಲ್ಲುವುದಿಲ್ಲ; ಉತ್ತರ ಕರೊಲಿನಾದಲ್ಲಿ ಡ್ಯೂಕ್ ಎನರ್ಜಿ ಸುಮಾರು 8 ಕೋಟಿ ಟನ್ ಬೂದಿಯನ್ನು ಅಗೆದು ತೆಗೆಯಲು 2020ರ ಆರಂಭದಲ್ಲಿ ಪ್ರಕಟವಾದ ಒಪ್ಪಂದದಲ್ಲಿ ಸಮ್ಮತಿಸಿತು. ಅಲ್ಲಿ ಒಪ್ಪಂದದಿಂದ ಸಾಧ್ಯವಾದುದನ್ನು ಎಲ್ಲೆಡೆ ಕಡ್ಡಾಯ ಮಾಡುವವರೆಗೆ 2015ರ ನಿಯಮ, ಬಾವಿನೀರು ಕುಡಿಯುವವರಿಗೆ ಅಪಾಯವನ್ನು ತಿಳಿಸುತ್ತದೆಯೇ ವಿನಾ ಅದರಿಂದ ಅವರನ್ನು ಕಾಪಾಡುವುದಿಲ್ಲ.