ಉರಿ ಬರುವವರೆಗೆ ಕಾಯಬೇಕೆ?

ಕೃಷ್ಣರಾಜಪುರ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಬಿದರಹಳ್ಳಿ, ವರ್ತೂರು ಹೋಬಳಿಗಳ ಹಳ್ಳಿಗಳೂ ಇದೇ ತಾಲ್ಲೂಕಿಗೆ ಸೇರಿವೆ. ಇಲ್ಲಿನ ಆರೋಗ್ಯ ಕೇಂದ್ರಗಳಿಗೆ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವ ಬಸುರಿಯ ಮೂತ್ರವನ್ನು ಪ್ರತಿ ಭೇಟಿಯಲ್ಲೂ ಪರೀಕ್ಷಿಸಬೇಕೆಂಬ ನಿಯಮವಿದೆ. ಆದರೆ ಈ ವಾಡಿಕೆಯ ಪರೀಕ್ಷೆ ಹುಡುಕುವುದು ಆಲ್ಬುಮಿನ್ ಮತ್ತು ಸಕ್ಕರೆಯನ್ನು. ರಕ್ತದೊತ್ತಡದ ತೊಡಕು, ಮಧುಮೇಹಗಳ ಸುಳಿವು ಅದರಿಂದ ಸಿಗುತ್ತದೆ. ಮೂತ್ರನಾಳದ ಸೋಂಕು ಕಣ್ತಪ್ಪುತ್ತದೆ. ಸೋಂಕಿನ ವಿಚಾರಣೆ ಶುರುವಾಗುವುದು ಹೆಂಗಸು ತಾನಾಗಿ ‘ಉರಿ’ ಎಂದಾಗ. ಹಳ್ಳಿಮನೆಗಳಲ್ಲಿ ಅದನ್ನೂ ‘ಉಷ್ಣ’ವೆಂದುಕೊಂಡು ಬಾರ್ಲಿ ನೀರು, ಎಳನೀರು ಕುಡಿದು ದಿನ ತಳ್ಳುವುದುಂಟು. ಈ ಪದ್ಧತಿಯ ಮೂಲದೋಷ ಇಲ್ಲೇ ಇದೆ: ಲಕ್ಷಣವೇ ಇಲ್ಲದ ರೋಗವನ್ನು ಅದು ಲಕ್ಷಣದಿಂದ ಹಿಡಿಯಲು ಕಾಯುತ್ತದೆ.

ಬಸಿರಿನಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಮೂತ್ರನಾಳಗಳನ್ನು ಸಡಿಲಿಸುತ್ತದೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸದ್ದಿಲ್ಲದೆ ಬೆಳೆಯುತ್ತವೆ. ನೂರು ಬಸುರಿಯರಲ್ಲಿ 2ರಿಂದ 10 ಮಂದಿಗೆ ಹೀಗಾಗುತ್ತದೆ. ಹಳೆಯ ಅಧ್ಯಯನಗಳ ಪ್ರಕಾರ, ಚಿಕಿತ್ಸೆ ಸಿಗದವರಲ್ಲಿ ಸುಮಾರು 30 ಪ್ರತಿಶತದವರೆಗೆ ಮೂತ್ರಪಿಂಡದ ಸೋಂಕಿಗೆ ತುತ್ತಾಗುತ್ತಾರೆ. ಅದರಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ನಡುಧಾರೆಯ ಮೂತ್ರದ ಕಲ್ಚರ್ ಪರೀಕ್ಷೆಯನ್ನೂ, ಸೋಂಕು ಕಂಡರೆ ಏಳು ದಿನದ ಔಷಧವನ್ನೂ ಶಿಫಾರಸು ಮಾಡಿದ್ದು ಇದಕ್ಕೇ.

ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಕಲ್ಚರ್ ಭಾರವಾಗದೆ ಎಂಬ ಆಕ್ಷೇಪ ಸಹಜ. ಮಾದರಿಯನ್ನು ಎರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಇಲ್ಲವೇ ತಂಪಿನಲ್ಲಿಡಬೇಕು; ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ದೂರದ ತಾಲ್ಲೂಕಿಗೆ ಇದು ನಿಜವಾದ ತೊಡಕು. ಆದರೆ ಶಿವಾಜಿನಗರದ ಬೌರಿಂಗ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರವಿರುವ ಈ ತಾಲ್ಲೂಕಿಗೆ ಐಸ್ ಪೆಟ್ಟಿಗೆಯೊಂದಿಗೆ ವಾಹನ ಓಡಿಸುವುದು ಅಸಾಧ್ಯವಲ್ಲ. ಇನ್ನೂ ಗಂಭೀರ ಆಕ್ಷೇಪ ನೆದರ್ಲೆಂಡ್ಸಿನಿಂದ ಬಂದಿದೆ. ಅಲ್ಲಿನ 2015ರ ಅಧ್ಯಯನದಲ್ಲಿ, ಚಿಕಿತ್ಸೆಯಿಲ್ಲದ ಸೋಂಕಿತರಲ್ಲಿ ಮೂತ್ರಪಿಂಡದ ಸೋಂಕು ಕಂಡದ್ದು 2.4 ಪ್ರತಿಶತದಲ್ಲಿ ಮಾತ್ರ. ಹಾಗಿದ್ದರೆ ಆಂಟಿಬಯಾಟಿಕ್ ಏಕೆ? ಆ ಅಧ್ಯಯನ ಮಧುಮೇಹವಿಲ್ಲದ, ಅಪಾಯ ಕಡಿಮೆಯಿದ್ದ ಗರ್ಭಿಣಿಯರದ್ದು. ರಕ್ತಹೀನತೆ, ಮಧುಮೇಹಗಳ ಜೊತೆ ಬದುಕುವ ನಮ್ಮ ಹೆಂಗಸರಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಔಷಧದ ದುರ್ಬಳಕೆಯ ಭಯಕ್ಕೂ ಕಲ್ಚರೇ ಉತ್ತರ, ಏಕೆಂದರೆ ಯಾವ ಬ್ಯಾಕ್ಟೀರಿಯಾಕ್ಕೆ ಯಾವ ಔಷಧ ನಾಟುತ್ತದೆಂದು ಅದು ತಿಳಿಸುತ್ತದೆ; ಅಂದಾಜಿನ ಮಾತ್ರೆ ತಿಳಿಸದು. ಹೆಚ್ಚು ನೀರು ಕುಡಿಯಿರಿ, ಶುಚಿಯಾಗಿರಿ ಎಂಬ ಸಲಹೆ ಒಳ್ಳೆಯದೇ, ಆದರೆ ಅದು ಹೊಣೆಯನ್ನೆಲ್ಲ ಬಸುರಿಯ ಮೇಲೆ ಹೊರಿಸುತ್ತದೆ. ಮೊದಲ ಭೇಟಿಯಲ್ಲೇ ಹೇಗೂ ಮೂತ್ರ ಪಡೆಯುವ ವ್ಯವಸ್ಥೆ, ಅದೇ ಮಾದರಿಯನ್ನು ಒಮ್ಮೆ ಕಲ್ಚರಿಗೂ ಕಳಿಸಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ.