ಎರಡು ಕೀಲಿಗಳ ಬೀಗ

ಯುದ್ಧದ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಬಂದೂಕು ಹಿಡಿದವನೇ ನಾಯಕ. ಬೋಸ್ನಿಯಾದ ನಿರ್ದೇಶಕಿ ಯಾಸ್ಮಿಲಾ ಜ್ಬಾನಿಚ್ ಅವರ ‘ಕ್ವೋ ವಾಡಿಸ್, ಆಯಿದಾ?’ (2020) ಚಿತ್ರದ ನಾಯಕಿಯ ಬಳಿ ಇರುವುದು ಎರಡು ಭಾಷೆಗಳು ಮತ್ತು ವಿಶ್ವಸಂಸ್ಥೆಯ ಒಂದು ಗುರುತುಚೀಟಿ, ಅಷ್ಟೆ. ಚಿತ್ರದ ಹೆಸರಿಗೆ ‘ಎಲ್ಲಿಗೆ ಹೊರಟೆ, ಆಯಿದಾ?’ ಎಂದರ್ಥ. ಆಯಿದಾ ಶಾಲಾ ಶಿಕ್ಷಕಿ. ಯುದ್ಧ ಬಂದ ಮೇಲೆ ವಿಶ್ವಸಂಸ್ಥೆಯ ಡಚ್ ಸೈನಿಕರಿಗೆ ದುಭಾಷಿ. 1995ರ ಜುಲೈ 11ರಂದು ಸ್ರೆಬ್ರೆನಿತ್ಸಾ ಪಟ್ಟಣ ಬೋಸ್ನಿಯಾದ ಸರ್ಬ್ ಸೇನೆಯ ವಶವಾಗುತ್ತದೆ. ಸಾವಿರಾರು ಮುಸ್ಲಿಮರು ಹತ್ತಿರದ ಪೊಟೊಚಾರಿಯಲ್ಲಿದ್ದ ಡಚ್ ಶಿಬಿರಕ್ಕೆ ಓಡಿ ಬರುತ್ತಾರೆ. ಅವರಲ್ಲಿ ಅವಳ ಗಂಡನೂ ಇಬ್ಬರು ಗಂಡುಮಕ್ಕಳೂ ಇದ್ದಾರೆ. ಅವರನ್ನು ಉಳಿಸಿಕೊಳ್ಳಲು ಅವಳು ಬಾಗಿಲಿನಿಂದ ಬಾಗಿಲಿಗೆ ಓಡುವುದೇ ಕಥೆ.

ಉರ್ದುವಿನಲ್ಲಿ ದುಭಾಷಿಗೆ ‘ತರ್ಜುಮಾನ್’ ಎನ್ನುತ್ತಾರೆ. ನಮ್ಮ ಕನ್ನಡದ ‘ತರ್ಜುಮೆ’ಯ ಬಂಧು ಅದು. ಆದರೆ ಉರ್ದುವಿನಲ್ಲಿ ಆ ಮಾತಿಗೆ ‘ವಕ್ತಾರ’ ಎಂಬ ಅರ್ಥವೂ ಇದೆ. ದುಭಾಷಿ ಬೇರೆಯವರ ಮಾತನ್ನು ದಾಟಿಸುವವನು, ಅದಕ್ಕೆ ಹೊಣೆಗಾರನಲ್ಲ. ವಕ್ತಾರ ಹೊಣೆ ಹೊರಬೇಕಾದವನು. ಆಯಿದಾಳ ಸಂಕಟವೆಲ್ಲ ಈ ಎರಡು ಅರ್ಥಗಳ ನಡುವೆ ಇದೆ. ಮೊದಲ ದೃಶ್ಯಗಳಲ್ಲೇ ಪಟ್ಟಣದ ಮೇಯರಿಗೆ ಡಚ್ ಕರ್ನಲ್ ಭರವಸೆ ಕೊಡುತ್ತಾನೆ: ಸರ್ಬರು ಹಿಂದೆ ಸರಿಯದಿದ್ದರೆ ವಿಮಾನಗಳು ದಾಳಿ ಮಾಡುತ್ತವೆ. ಅವಳು ಅದನ್ನು ತನ್ನ ಜನರ ಭಾಷೆಗೆ ತರುತ್ತಾಳೆ. ವಿಮಾನಗಳು ಪಟ್ಟಣವನ್ನು ಕಾಯುವುದಿಲ್ಲ. ಕೊಟ್ಟ ಮಾತು ಕರ್ನಲ್‌ನದು. ಜನರ ಕಿವಿಗೆ ಬಿದ್ದ ದನಿ ಮಾತ್ರ ಅವಳದು.

ಆ ವಿಮಾನಗಳು ಯಾರವು? ಚಿತ್ರ ಇದನ್ನು ಬಿಡಿಸಿ ಹೇಳುವುದಿಲ್ಲ. ಕರ್ನಲ್ ಫೋನು ಹಿಡಿದು ಮೇಲಧಿಕಾರಿಗಳನ್ನು ಅಂಗಲಾಚುತ್ತಾನೆ. ಆ ಬದಿಯಲ್ಲಿರುವವರ ಮುಖ ನಮಗೆ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಚಿತ್ರದ ಶಕ್ತಿ ಮತ್ತು ಮಿತಿ ಎರಡೂ ಈ ಫೋನಿನಲ್ಲಿವೆ.

ವಿಶ್ವಸಂಸ್ಥೆಗೆ ತನ್ನದೇ ಯುದ್ಧವಿಮಾನಗಳಿಲ್ಲ. ವಿಮಾನಗಳು ನ್ಯಾಟೊ ಕೂಟದವು. ವಿಶ್ವಸಂಸ್ಥೆಯ ಸನ್ನದಿನ ಎಂಟನೆಯ ಅಧ್ಯಾಯವು ಶಾಂತಿ ಕಾಯುವ ಕೆಲಸದಲ್ಲಿ ಪ್ರಾದೇಶಿಕ ಸಂಘಟನೆಗಳಿಗೆ ಜಾಗ ಕೊಟ್ಟಿದೆ. ಆದರೆ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಅವು ಬಲ ಪ್ರಯೋಗಿಸುವಂತಿಲ್ಲ. ಮಂಡಳಿಯು 1993ರ ಏಪ್ರಿಲ್ 16ರಂದು 819ನೆಯ ನಿರ್ಣಯದ ಮೂಲಕ ಸ್ರೆಬ್ರೆನಿತ್ಸಾವನ್ನು ‘ಸುರಕ್ಷಿತ ಪ್ರದೇಶ’ ಎಂದು ಸಾರಿತು. ಜೂನ್ 4ರಂದು 836ನೆಯ ನಿರ್ಣಯದ ಮೂಲಕ, ಶಾಂತಿಪಡೆಗೆ ಬೆಂಬಲವಾಗಿ ಸದಸ್ಯ ದೇಶಗಳು ತಾವಾಗಿಯೇ ಇಲ್ಲವೆ ಪ್ರಾದೇಶಿಕ ಸಂಘಟನೆಗಳ ಮೂಲಕ ವಾಯುಬಲ ಬಳಸಬಹುದೆಂದಿತು. ಸುರಕ್ಷಿತ ಪ್ರದೇಶಗಳನ್ನು ಬೆದರಿಕೆಯ ಮೂಲಕ ಕಾಯಲು ಸುಮಾರು 34,000 ಸೈನಿಕರು ಬೇಕೆಂದು ಲೆಕ್ಕ ಹಾಕಲಾಗಿತ್ತು. ಮಂಡಳಿ ಒಪ್ಪಿದ್ದು ಸುಮಾರು 7,600 ಮಂದಿಯನ್ನು. ಸೈನಿಕರ ಕೊರತೆಯನ್ನು ವಿಮಾನಗಳು ತುಂಬುತ್ತವೆ ಎಂಬುದು ಎಣಿಕೆ.

ಆ ವಿಮಾನಗಳಿಗೆ ‘ಎರಡು ಕೀಲಿ’ಯ ನಿಯಮ ಹಾಕಿದರು. ನಮ್ಮ ಬ್ಯಾಂಕ್ ಲಾಕರಿನ ಹಾಗೆ. ಗ್ರಾಹಕನ ಕೀಲಿಯೂ ಬ್ಯಾಂಕಿನ ಕೀಲಿಯೂ ಸೇರಿದರೆ ಮಾತ್ರ ಅದು ತೆರೆಯುತ್ತದೆ. ಇಲ್ಲಿ ಒಂದು ಕೀಲಿ ವಿಶ್ವಸಂಸ್ಥೆಯ ಬಳಿ, ಇನ್ನೊಂದು ನ್ಯಾಟೊ ಬಳಿ. ಲಾಕರಿನೊಳಗೆ ಚಿನ್ನವಿದ್ದರೆ ಬಾಗಿಲು ತೆರೆಯದಿರುವುದೇ ಭದ್ರತೆ. ಒಳಗೆ ಮನುಷ್ಯರಿದ್ದು ಹೊರಗೆ ಕೊಲೆಗಡುಕರು ನಿಂತಿದ್ದರೆ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಿಶ್ವಸಂಸ್ಥೆಯ ಅಧಿಕಾರಿಗಳ ಹಿಂಜರಿಕೆಗೆ ಕಾರಣವಿತ್ತು. 1995ರ ಮೇ ತಿಂಗಳಲ್ಲಿ ನ್ಯಾಟೊ ವಿಮಾನಗಳು ಬಾಂಬು ಹಾಕಿದಾಗ ಸರ್ಬ್ ಸೇನೆ ಶಾಂತಿಪಡೆಯ 300ಕ್ಕೂ ಹೆಚ್ಚು ಮಂದಿಯನ್ನು ಒತ್ತೆಯಾಗಿ ಹಿಡಿಯಿತು. ನೆಲದ ಮೇಲೆ ತಟಸ್ಥರಾಗಿ ಚದುರಿ ನಿಂತ ಸೈನಿಕರು, ಆಕಾಶದಲ್ಲಿ ಒಂದು ಪಕ್ಷವನ್ನು ಶಿಕ್ಷಿಸುವ ವಿಮಾನಗಳು: ಎರಡು ಸಂಸ್ಥೆಗಳ ಕೆಲಸ ಒಂದಕ್ಕೊಂದು ಕಾಲು ಕೊಡುವಂತಿತ್ತು. ಜುಲೈ 11ರಂದೂ ಹೀಗೇ ಆಯಿತು. ದಿನಗಟ್ಟಲೆ ಕಾದ ಮೇಲೆ ಕೆಲವು ಬಾಂಬುಗಳು ಬಿದ್ದವು. ಸೆರೆಸಿಕ್ಕ ಡಚ್ ಸೈನಿಕರನ್ನು ಕೊಲ್ಲುತ್ತೇವೆಂದು ಸರ್ಬರು ಬೆದರಿಸಿದರು. ದಾಳಿ ನಿಂತಿತು. ನಂತರದ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರ ಕೊಲೆಯಾಯಿತು. ಇದನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ಜನಾಂಗಹತ್ಯೆ ಎಂದು ತೀರ್ಮಾನಿಸಿತು.

ಆದರೆ ಅದೇ ವರ್ಷದ ಆಗಸ್ಟ್ 30ರಂದು ಅದೇ ಎರಡು ಕೀಲಿಗಳು ತಿರುಗಿದವು. ಅಷ್ಟರಲ್ಲಿ ವಿಶ್ವಸಂಸ್ಥೆಯ ಕೀಲಿಯನ್ನು ನಾಗರಿಕ ಪ್ರತಿನಿಧಿಯ ಕೈಯಿಂದ ಸೇನಾಧಿಕಾರಿಗಳಿಗೆ ಕೊಡಲಾಗಿತ್ತು. ಒತ್ತೆಯಾಗಬಹುದಾದ ಸೈನಿಕರನ್ನು ಅಪಾಯದ ಜಾಗಗಳಿಂದ ಹಿಂದೆ ಕರೆಸಿಕೊಳ್ಳಲಾಗಿತ್ತು. ವಾರಗಟ್ಟಲೆ ವಾಯುದಾಳಿ ನಡೆಯಿತು. ನವೆಂಬರಿನಲ್ಲಿ ಡೇಟನ್‌ನಲ್ಲಿ ಒಪ್ಪಂದವಾಯಿತು. ಅಂದರೆ ಬೀಗ ತೆರೆಯಲಾಗದ್ದೇನೂ ಆಗಿರಲಿಲ್ಲ. ಜುಲೈಯಲ್ಲಿ ಕೊರತೆಯಾಗಿದ್ದು, ತೆರೆಯದಿದ್ದರೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ. ಇಬ್ಬರು ಸೇರಿ ಹೊಣೆ ಹೊರುವುದು ಸಹಕಾರ. ಇಬ್ಬರು ಸೇರಿ ನೆಪ ಹಂಚಿಕೊಂಡರೆ ಅದಕ್ಕೆ ಬೇರೆ ಹೆಸರೇ ಬೇಕು.

ಇದನ್ನು ಇಸ್ಲಾಮಿನ ವಿರುದ್ಧ ಪಶ್ಚಿಮದ ಪಿತೂರಿ ಎಂದು ಓದಿ ಮುಗಿಸುವವರು ನಮ್ಮಲ್ಲಿದ್ದಾರೆ. ಬೋಸ್ನಿಯಾದ ಮುಸ್ಲಿಮರ ಪ್ರಾಣ ಯುರೋಪಿಗೆ ಅಗ್ಗವಾಗಿ ಕಂಡಿತೆಂಬ ನೋವು ಸುಳ್ಳಲ್ಲ. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಮಲೇಷ್ಯಾಗಳ ಸೈನಿಕರೂ ಬೋಸ್ನಿಯಾದಲ್ಲಿ ಅದೇ ನೀಲಿ ಟೊಪ್ಪಿ ಹಾಕಿ, ಅದೇ ನಿಯಮಕ್ಕೆ ಕಟ್ಟುಬಿದ್ದು ನಿಂತಿದ್ದರು. ಇನ್ನು ಈ ಚಿತ್ರದಲ್ಲಿ ಆಯಿದಾ ಆಗಿ ನಟಿಸಿದ ಯಾಸ್ನಾ ಜುರಿಚಿಚ್ ಸರ್ಬಿಯಾದವರು. ಜನರಲ್ ರಾತ್ಕೊ ಮ್ಲಾದಿಚ್ ಪಾತ್ರ ಮಾಡಿದವರು ಅವರ ಗಂಡ. ಮುಸ್ಲಿಂ ತಾಯಿಯ ಒಡಲ ಉರಿಯನ್ನು ಸರ್ಬ್ ನಟಿಯೊಬ್ಬರು ನಮಗೆ ಮುಟ್ಟಿಸುತ್ತಾರೆ. ನಿರ್ದೇಶಕಿ ಪಿತೂರಿಯ ಕಥೆ ಹೇಳಲು ಹೊರಟಿಲ್ಲ ಎನ್ನಲು ಇಷ್ಟು ಸಾಕು.

ಚಿತ್ರದ ಸಂಯಮ ದೊಡ್ಡದು. ಗಂಡಸರನ್ನು ಒಂದು ಸಭಾಂಗಣಕ್ಕೆ ತುಂಬುತ್ತಾರೆ, ಗೋಡೆಯ ಕಿಂಡಿಗಳಿಂದ ಬಂದೂಕಿನ ನಳಿಗೆಗಳು ಇಣುಕುತ್ತವೆ. ಹೆಣ ತೋರಿಸದೆಯೇ ಸಾವು ನಮ್ಮ ಎದೆಗೆ ಬಡಿಯುತ್ತದೆ. ಆದರೆ ಕ್ಯಾಮೆರಾ ಶಿಬಿರದ ಬೇಲಿ ದಾಟಿ ಆ ಫೋನಿನ ಇನ್ನೊಂದು ತುದಿಗೆ ಹೋಗುವುದಿಲ್ಲ. ಆದ್ದರಿಂದ ನೋಡುಗನ ಸಿಟ್ಟೆಲ್ಲ ಆ ಬೆವರುವ ಕರ್ನಲ್ ಮೇಲೆ ಸುರಿಯುತ್ತದೆ. ಅವನೂ ಹೇಡಿಯೇ, ಒಪ್ಪೋಣ. ಕೀಲಿಗಳು ಮಾತ್ರ ಅವನ ಜೇಬಿನಲ್ಲಿರಲಿಲ್ಲ.

ಚಿತ್ರಕ್ಕೆ ಪ್ರೇರಣೆಯಾದ ಪುಸ್ತಕ ಬರೆದ ಹಸನ್ ನುಹಾನೊವಿಚ್ ಅದೇ ಶಿಬಿರದಲ್ಲಿ ದುಭಾಷಿಯಾಗಿದ್ದರು. ಅವರ ತಂದೆ, ತಾಯಿ ಮತ್ತು ತಮ್ಮನನ್ನು ಶಿಬಿರದಿಂದ ಹೊರಗೆ ಕಳಿಸಲಾಯಿತು. ಮೂವರೂ ಕೊಲೆಯಾದರು. ಆಯಿದಾ ಕೊನೆಗೆ ಮೂಳೆಗಳ ಸಾಲಿನಲ್ಲಿ ತನ್ನವರನ್ನು ಹುಡುಕಿ ಶಾಲೆಗೆ ಮರಳುತ್ತಾಳೆ. ನುಹಾನೊವಿಚ್ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಹೋರಾಡಿದರು. 2013ರಲ್ಲಿ ನೆದರ್ಲೆಂಡ್ಸಿನ ಸುಪ್ರೀಂ ಕೋರ್ಟು ಡಚ್ ಸರ್ಕಾರವೇ ಹೊಣೆ ಎಂದಿತು. ಆದರೆ ಸ್ರೆಬ್ರೆನಿತ್ಸಾದ ತಾಯಂದಿರು ವಿಶ್ವಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, ಆ ಸಂಸ್ಥೆಗೆ ಕಾನೂನಿನ ರಕ್ಷಣೆ ಇದೆಯೆಂದು ಅದೇ ಕೋರ್ಟು 2012ರಲ್ಲಿ ಹೇಳಿತ್ತು. 1999ರಲ್ಲಿ ಕೋಫಿ ಅನ್ನಾನ್ ವರದಿ ಬರೆದು ವಿಶ್ವಸಂಸ್ಥೆಯ ವೈಫಲ್ಯವನ್ನು ಒಪ್ಪಿಕೊಂಡದ್ದು ನಿಜ. ವರದಿ ಬೇರೆ, ಕಟಕಟೆ ಬೇರೆ. ದುಭಾಷಿಯನ್ನು ತಾಯಿಯಾಗಿಸಿದ ಚಿತ್ರ ನಮ್ಮ ಕಣ್ಣು ತೇವಗೊಳಿಸಿತು. ನಿಜವಾದ ದುಭಾಷಿ ಕೋರ್ಟಿನಲ್ಲಿ ಕೇಳಿದ ಪ್ರಶ್ನೆಯನ್ನು ಹೊರಗೇ ಬಿಟ್ಟಿತು.

ಆ ಪ್ರಶ್ನೆ ಹಳತಾಗಿಲ್ಲ. 2023ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ 2719ನೆಯ ನಿರ್ಣಯದ ಮೂಲಕ, ಆಫ್ರಿಕನ್ ಒಕ್ಕೂಟ ನಡೆಸುವ ಶಾಂತಿ ಕಾರ್ಯಾಚರಣೆಗಳಿಗೆ ಸದಸ್ಯ ದೇಶಗಳ ವಂತಿಗೆಯಿಂದ ಹಣ ಕೊಡಲು ದಾರಿ ಮಾಡಿತು. ಒಳ್ಳೆಯದೇ. ಹಣ ಒಬ್ಬರದು, ಸೈನಿಕರು ಇನ್ನೊಬ್ಬರವರು. ನಾಳೆ ಇನ್ನೊಂದು ಊರಿನ ಬೇಲಿಯ ಬಳಿ ಜನ ಬಂದು ನಿಂತಾಗ ಉತ್ತರ ಕೊಡುವವರು ಯಾರು? ಅದನ್ನು ಇಂದೇ ಹೆಸರು ಹಿಡಿದು ಬರೆದಿಡದಿದ್ದರೆ, ಆ ಜನರಿಗೂ ಸಿಗುವುದು ಒಬ್ಬ ದುಭಾಷಿ ಮಾತ್ರ.