ಜಾಝ್ ರೇಡಿಯೋ: ಕೊಂಡವರು ಮತ್ತು ಮಾರಿದವರು

ಪತ್ರಿಕೆಯೊಂದು ನಿಂತುಹೋದರೆ ಅದರ ಹಳೆಯ ಸಂಚಿಕೆಗಳಾದರೂ ಯಾರದೋ ಕಪಾಟಿನಲ್ಲಿ ಉಳಿದಿರುತ್ತವೆ. ರೇಡಿಯೋ ಕೇಂದ್ರದ ಪಾಡು ಹಾಗಲ್ಲ. ಅದು ಸತ್ತರೂ ಸತ್ತಂತೆ ಕಾಣುವುದಿಲ್ಲ. ಅದೇ ತರಂಗಾಂತರದಲ್ಲಿ ಬೇರೊಂದು ದನಿ ಕೇಳತೊಡಗುತ್ತದೆ, ಅಷ್ಟೆ. ಹೊಸದಾಗಿ ಕೇಳುವವರಿಗೆ ಅಲ್ಲಿ ಹಿಂದೆ ಏನಿತ್ತೆಂಬ ಸುಳಿವೂ ಸಿಗದು. ನ್ಯೂಯಾರ್ಕ್ ನಗರದ ಎಫ್‌ಎಂ 106.7ರಲ್ಲಿ ಇಂದು ಲಘು ಪಾಪ್ ಹಾಡುಗಳನ್ನು ಕೇಳುವವರಿಗೆ, ಅದೇ ಜಾಗದಲ್ಲಿ ಒಂದು ಕಾಲಕ್ಕೆ ಡಬ್ಲ್ಯುಆರ್‌ವಿಆರ್ ಎಂಬ ಜಾಝ್ ಕೇಂದ್ರವಿತ್ತು, ಅದನ್ನು ಕಟ್ಟಿದ್ದು ಒಂದು ಚರ್ಚ್ ಎಂಬುದು ಯಾರಾದರೂ ಹೇಳಿದರಷ್ಟೇ ಗೊತ್ತಾಗಬೇಕು.

ಈ ಕಥೆಯನ್ನು ಹೇಳುವ ರೂಢಿಯ ಕ್ರಮವೊಂದಿದೆ: ದೊಡ್ಡ ಕಂಪೆನಿ ಬಂತು, ಕಲೆಯನ್ನು ಕೊಂದಿತು. ಇದು ಸುಳ್ಳಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. ಕೊಂಡವನನ್ನು ಬೈಯುವುದು ಸುಲಭ. ಮಾರಿದವನನ್ನು ಪ್ರಶ್ನಿಸುವುದು ಕಷ್ಟ. ಅದರಲ್ಲೂ ಮಾರಿದವನು ಸಜ್ಜನನಾಗಿದ್ದರೆ ಇನ್ನೂ ಕಷ್ಟ. ನಾವು ಇಲ್ಲಿ ಆ ಕಷ್ಟದ ಪ್ರಶ್ನೆಯನ್ನೇ ಕೇಳಬೇಕೆಂದಿದ್ದೇವೆ.

ರಿವರ್‌ಸೈಡ್ ಚರ್ಚ್ ಮ್ಯಾನ್‌ಹಟ್ಟನ್‌ನಲ್ಲಿ, ಹಡ್ಸನ್ ನದಿಯ ದಂಡೆಯಲ್ಲಿದೆ. ಅಲ್ಲಿಂದ ಕರಿಯರ ನೆಲೆಯಾದ ಹಾರ್ಲೆಮ್ ಕೂಗಳತೆಯ ದೂರ. ರಾಕ್‌ಫೆಲ್ಲರ್ ಕುಟುಂಬದ ಹಣದಿಂದ 1930ರಲ್ಲಿ ಸಿದ್ಧವಾದ ಈ ಚರ್ಚ್ ಯಾವುದೇ ಒಂದು ಪಂಗಡಕ್ಕೆ ಸೀಮಿತವಾಗಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರು 1967ರ ಏಪ್ರಿಲ್ 4ರಂದು ವಿಯೆಟ್ನಾಂ ಯುದ್ಧವನ್ನು ಖಂಡಿಸಿ ಮಾಡಿದ ಪ್ರಸಿದ್ಧ ಭಾಷಣಕ್ಕೆ ವೇದಿಕೆಯಾದದ್ದು ಇದೇ ಚರ್ಚ್. ತನ್ನದೇ ಸರಕಾರದ ಯುದ್ಧದ ವಿರುದ್ಧ ಮಾತಾಡುವವರಿಗೆ ಬಾಗಿಲು ತೆರೆಯುವ ಧೈರ್ಯ ಇದ್ದ ಸಂಸ್ಥೆ ಅದು.

1961ರ ಜನವರಿಯಲ್ಲಿ ಈ ಚರ್ಚ್ ತನ್ನ ರೇಡಿಯೋ ಕೇಂದ್ರವನ್ನು ಆರಂಭಿಸಿತು. ಪ್ರವಚನ ಬಿತ್ತರಿಸುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಚರ್ಚೆ, ಶಾಸ್ತ್ರೀಯ ಸಂಗೀತ, ಸಾಮಾಜಿಕ ವರದಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಂನಲ್ಲಿ ಕರಿಯರು ಸಮಾನ ಹಕ್ಕಿಗಾಗಿ ಬೀದಿಗಿಳಿದಾಗ ಈ ಕೇಂದ್ರ ಅಲ್ಲಿಗೆ ಧ್ವನಿಮುದ್ರಣ ಯಂತ್ರದೊಂದಿಗೆ ಜನರನ್ನು ಕಳುಹಿಸಿ ಸಾಕ್ಷ್ಯಚಿತ್ರದಂಥ ಸರಣಿಯೊಂದನ್ನು ಪ್ರಸಾರ ಮಾಡಿತು. ಇವೆಲ್ಲದರ ನಡುವೆ ಎಡ್ ಬೀಚ್ ಎಂಬವರು ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಒಬ್ಬ ಕಲಾವಿದನನ್ನು ಎತ್ತಿಕೊಂಡು, ಆತನ ಸಂಗೀತ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂದು ಧ್ವನಿಮುದ್ರಿಕೆಗಳ ಮೂಲಕವೇ ತೋರಿಸುವ ವಿಧಾನ ಅವರದು. ಆ ಕಾರ್ಯಕ್ರಮದ ಟೇಪುಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಂದರೆ ಕೇಂದ್ರ ಉಳಿಸಿಕೊಳ್ಳಲಾಗದ್ದನ್ನು ಗ್ರಂಥಾಲಯ ಉಳಿಸಿಕೊಂಡಿದೆ.

1970ರ ದಶಕದಲ್ಲಿ ಕೇಂದ್ರ ಜಾಝ್‌ನತ್ತ ಪೂರ್ತಿಯಾಗಿ ವಾಲಿತು. ಚರ್ಚ್‌ನ ಗಂಟು ಮಾತ್ರ ಕರಗುತ್ತಲೇ ಇತ್ತು. ಕೊನೆಗೆ 1976ರಲ್ಲಿ ಸಾಂಡರ್ಲಿಂಗ್ ಎಂಬ ಪ್ರಸಾರ ಕಂಪೆನಿಗೆ ಅದನ್ನು ಮಾರಲಾಯಿತು. ಹೊಸ ಒಡೆಯರು ಜಾಝನ್ನು ಕೈಬಿಡಲಿಲ್ಲ. ಹಾಗಾಗಿ ಕೇಳುಗರಿಗೆ ಏನೂ ಆಗಿಲ್ಲವೆಂದೇ ಅನಿಸಿತು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಚರ್ಚ್ ತನ್ನ ಸಭಿಕರಿಗೆ ಮತ್ತು ತನ್ನ ಆತ್ಮಸಾಕ್ಷಿಗೆ ಲೆಕ್ಕ ಕೊಡಬೇಕಿತ್ತು. ಕಂಪೆನಿ ಷೇರುದಾರರಿಗೆ ಕೊಡಬೇಕು. ಸಾಂಡರ್ಲಿಂಗ್ ಕಂಪೆನಿಯನ್ನು ಅದಕ್ಕಿಂತ ದೊಡ್ಡದಾದ ವಯಾಕಾಮ್ ತನ್ನೊಳಗೆ ಸೇರಿಸಿಕೊಂಡಿತು. 1980ರ ಸೆಪ್ಟೆಂಬರ್ 8ರಂದು ಜಾಝ್ ನಿಂತಿತು. ಕೇಂದ್ರದ ಹೆಸರು ಬದಲಾಗಿ, ಅಲ್ಲಿ ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಸಂಗೀತ ಶುರುವಾಯಿತು.

ಆ ವರ್ಷ ಬೇಸಿಗೆಯಲ್ಲಿ 'ಅರ್ಬನ್ ಕೌಬಾಯ್' ಎಂಬ ಸಿನೆಮಾ ಬಿಡುಗಡೆಯಾಗಿ ಕಂಟ್ರಿ ಸಂಗೀತ ನಗರಗಳಲ್ಲೂ ಫ್ಯಾಶನ್ ಆಗಿತ್ತು. ಮಾರುಕಟ್ಟೆ ಬೀಸುವ ಗಾಳಿಗೆ ಕಂಪೆನಿ ತೂರಿಕೊಂಡಿತು. ಆದರೆ ಆ ಗಾಳಿಯಾದರೂ ಎಷ್ಟು ದಿನ ಬೀಸಿತು? 1984ರ ಜನವರಿಯಲ್ಲಿ ಅದೇ ಕಂಪೆನಿ ಕಂಟ್ರಿಯನ್ನೂ ಕಿತ್ತೆಸೆದು ಲಘು ಸಂಗೀತ ತಂದಿತು. ಎರಡು ದಶಕಗಳ ಕಾಲ ಜನ ಕಟ್ಟಿಕೊಂಡು ಬಂದದ್ದನ್ನು ನಾಲ್ಕು ವರ್ಷವೂ ಬಾಳದ ಒಂದು ಲೆಕ್ಕಾಚಾರಕ್ಕಾಗಿ ಕೆಡವಲಾಯಿತು.

ಇಲ್ಲಿ ರೇಡಿಯೋ ವ್ಯಾಪಾರದ ಒಂದು ಗುಟ್ಟನ್ನು ಅರಿಯಬೇಕು. ಕೇಂದ್ರವೊಂದನ್ನು ಕೊಳ್ಳುವವನು ಅಲ್ಲಿನ ಧ್ವನಿಮುದ್ರಿಕೆಗಳಿಗಾಗಲಿ, ಕಾರ್ಯಕ್ರಮ ನಡೆಸುವವರ ಪಾಂಡಿತ್ಯಕ್ಕಾಗಲಿ ದುಡ್ಡು ಸುರಿಯುವುದಿಲ್ಲ. ಆತ ಕೊಳ್ಳುವುದು ತರಂಗಾಂತರದ ಪರವಾನಗಿಯನ್ನು. ಒಂದು ನಗರದಲ್ಲಿ ಇಂತಿಷ್ಟೇ ತರಂಗಾಂತರಗಳಿರಲು ಸಾಧ್ಯ. ಎಪ್ಪತ್ತರ ದಶಕದಲ್ಲಿ ಜನ ಎಎಂ ಬಿಟ್ಟು ಎಫ್‌ಎಂ ಕಡೆಗೆ ತಿರುಗಿದಂತೆಲ್ಲ ಅವುಗಳ ಬೆಲೆ ಏರಿತು. ಬೆಲೆ ಏರಿದಂತೆ ಅದನ್ನು ತೀರಿಸಲು ಹೆಚ್ಚು ಜಾಹೀರಾತು ಬೇಕು, ಜಾಹೀರಾತಿಗೆ ಹೆಚ್ಚು ಕಿವಿಗಳು ಬೇಕು. ನಿಷ್ಠಾವಂತ ಕೆಲವರಿಗಿಂತ ಅರೆಮನಸ್ಸಿನ ಹಲವರು ಲಾಭದಾಯಕ. ಜಾಝ್ ಕೇಳುಗರದು ಮೊದಲಿನಿಂದಲೂ ನಿಷ್ಠಾವಂತ ಕೆಲವರ ಗುಂಪು.

ಕೇಳುಗರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿ, ಪ್ರಸಾರ ಪರವಾನಗಿ ನೀಡುವ ಫೆಡರಲ್ ಆಯೋಗದ ಮೊರೆ ಹೋದರು. 1934ರ ಕಾನೂನಿನ ಪ್ರಕಾರ ಅಲ್ಲಿ ಪರವಾನಗಿ ಎಂದರೆ ಒಡೆತನವಲ್ಲ. ಸಾರ್ವಜನಿಕ ಹಿತಕ್ಕಾಗಿ ಬಳಸಲು ಕೊಟ್ಟ ಅವಕಾಶ. ಆದರೆ ಆ ಹೊತ್ತಿಗೆ ನ್ಯೂಯಾರ್ಕಿನದೇ ಶಾಸ್ತ್ರೀಯ ಸಂಗೀತ ಕೇಂದ್ರವಾದ ಡಬ್ಲ್ಯುಎನ್‌ಸಿಎನ್‌ನ ಕೇಳುಗರು ಹೂಡಿದ್ದ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತ್ತು. 1981ರಲ್ಲಿ ಕೋರ್ಟ್ 7-2ರ ಬಹುಮತದಿಂದ ತೀರ್ಪಿತ್ತಿತು: ಯಾವ ಬಗೆಯ ಸಂಗೀತ ಎಂಬುದನ್ನು ಮಾರುಕಟ್ಟೆಗೆ ಬಿಟ್ಟ ಆಯೋಗದ ನೀತಿಯಲ್ಲಿ ತಪ್ಪಿಲ್ಲ. ಭಿನ್ನಮತ ಬರೆದವರು ಆ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ವಿಶೇಷ ಸಂದರ್ಭಗಳಲ್ಲಾದರೂ ಕೇಳುಗರ ಅಹವಾಲಿಗೆ ಒಂದು ಬಾಗಿಲು ತೆರೆದಿರಬೇಕು ಎಂಬುದು ಅವರ ನಿಲುವಿನ ಸಾರ. ಜಾಝ್ ಕೇಳುಗರ ಸಂಘ ಆ ಮೇಲೂ ಹೋರಾಡಿತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಆಯೋಗ ತಮ್ಮ ದೂರನ್ನು ತಪ್ಪು ಮಾನದಂಡದಿಂದ ಅಳೆದಿದೆ ಎಂಬ ಅವರ ವಾದವನ್ನು ಒಪ್ಪಿತು. ಕಾನೂನಿನ ಪುಸ್ತಕಗಳಲ್ಲಿ ಆ ಸಂಘದ ಹೆಸರು ಉಳಿಯಿತು. 106.7ರಲ್ಲಿ ಜಾಝ್ ಮರಳಲಿಲ್ಲ.

ಇದರಲ್ಲೊಂದು ಕ್ರೂರ ವ್ಯಂಗ್ಯವಿದೆ. ಇದೇ ಕಾಲದಲ್ಲಿ ಅಮೆರಿಕದ ಸರಕಾರ 'ವಾಯ್ಸ್ ಆಫ್ ಅಮೆರಿಕ'ದ ಮೂಲಕ ಜಾಝನ್ನು ಜಗತ್ತಿಗೆಲ್ಲ ಹಂಚುತ್ತಿತ್ತು. ವಿಲ್ಲಿಸ್ ಕನೋವರ್ ಎಂಬವರು 1955ರಿಂದ ನಡೆಸಿಕೊಂಡು ಬಂದ ಜಾಝ್ ಕಾರ್ಯಕ್ರಮವನ್ನು ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನ ಯುವಕರು ಶಾರ್ಟ್‌ವೇವ್ ರೇಡಿಯೋಗೆ ಕಿವಿಹಚ್ಚಿ ಕೇಳುತ್ತಿದ್ದರು. ಆದರೆ ಆ ಪ್ರಸಾರ ಅಮೆರಿಕದೊಳಗೆ ಬಿತ್ತರವಾಗದಂತೆ ಕಾನೂನಿತ್ತು. ಸ್ವಾತಂತ್ರ್ಯದ ಸಂಗೀತವೆಂದು ಪರದೇಶಗಳಿಗೆ ರಫ್ತಾದದ್ದು ತನ್ನ ತವರು ನಗರದಲ್ಲಿ ಜಾಗವಿಲ್ಲದೆ ಬೀದಿಗೆ ಬಿತ್ತು!

ಮುಂದೆ 1988ರಲ್ಲಿ ನ್ಯೂಯಾರ್ಕಿನ 101.9ರಲ್ಲಿ ಜಾಝ್ ಮರಳಿತೆಂದು ಹೇಳುವವರಿದ್ದರು. ಬಂದದ್ದು 'ಸ್ಮೂತ್ ಜಾಝ್'. ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಹಿನ್ನೆಲೆಯಲ್ಲಿ ಕೇಳಬಹುದಾದ, ಯಾರನ್ನೂ ಬೆಚ್ಚಿಬೀಳಿಸದ, ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ ವಾದನ. ಜಾಝ್‌ನ ಜೀವವಿರುವುದು ಕಲಾವಿದ ಆ ಕ್ಷಣದಲ್ಲಿ ಏನು ಮಾಡಿಬಿಡುತ್ತಾನೋ ಎಂಬ ಆತಂಕದಲ್ಲಿ. ಆ ಆತಂಕವನ್ನೇ ತೆಗೆದುಹಾಕಿ ಹೆಸರನ್ನು ಮಾತ್ರ ಉಳಿಸಿಕೊಂಡರು. 2008ರಲ್ಲಿ ಅದನ್ನೂ ನಿಲ್ಲಿಸಿ ರಾಕ್ ಸಂಗೀತ ತಂದರು. ನುಣುಪಾದದ್ದಕ್ಕೂ ಮಾರುಕಟ್ಟೆ ನಿಷ್ಠೆ ತೋರಲಿಲ್ಲ.

ಹೆಸರಿನ ಮಾತು ಬಂದಾಗ ಯೂಸುಫ್ ಲತೀಫ್ ನೆನಪಾಗುತ್ತಾರೆ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಇಸ್ಲಾಮ್ ಸ್ವೀಕರಿಸಿದ ಅನೇಕ ಕರಿಯ ಸಂಗೀತಗಾರರಲ್ಲಿ ಅವರೊಬ್ಬರು. ಅಹ್ಮದ್ ಜಮಾಲ್, ಅಬ್ದುಲ್ಲಾ ಇಬ್ನ್ ಬುಹೈನಾ ಎಂದು ಹೆಸರಿಟ್ಟುಕೊಂಡ ಆರ್ಟ್ ಬ್ಲೇಕಿ ಮುಂತಾದವರು ಇದೇ ಸಾಲಿನವರು. ತನ್ನ ಸಂಗೀತವನ್ನು ಜಾಝ್ ಎಂದು ಕರೆಯುವುದನ್ನು ಲತೀಫ್ ಒಪ್ಪುತ್ತಿರಲಿಲ್ಲ. ದೇಹ, ಮನಸ್ಸು, ಆತ್ಮ ಮೂರರಿಂದಲೂ ಹೊಮ್ಮುವ ಸಂಗೀತ ಎಂಬರ್ಥದ ಪದವೊಂದನ್ನು ಅವರೇ ಕಟ್ಟಿಕೊಂಡಿದ್ದರು. ಮಾರುವವನು ಅಂಟಿಸಿದ ಚೀಟಿಯನ್ನು ಸೃಷ್ಟಿಸಿದವನು ಯಾಕೆ ಒಪ್ಪಬೇಕು ಎಂದು ನಾವು ಅದನ್ನು ಓದಿಕೊಳ್ಳುತ್ತೇವೆ. ರೇಡಿಯೋದ 'ಫಾರ್ಮ್ಯಾಟ್' ಎಂಬುದು ಅಂಥದೇ ಒಂದು ಚೀಟಿ.

ಈಗ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ನ್ಯೂವಾರ್ಕ್‌ಗೆ ಬರೋಣ. ಗಾಯಕಿ ಸಾರಾ ವಾನ್ ಹುಟ್ಟಿದ, 1967ರ ಗಲಭೆಯಲ್ಲಿ ಬೆಂದ ಬಡ ನಗರ ಅದು. ಅಲ್ಲಿನ ಶಿಕ್ಷಣ ಮಂಡಳಿಯ ಬಳಿ ಡಬ್ಲ್ಯುಬಿಜಿಒ ಎಂಬ ರೇಡಿಯೋ ಕೇಂದ್ರದ ಪರವಾನಗಿಯಿತ್ತು. ಮಂಡಳಿಯೂ ಅದನ್ನು ಕೈಬಿಟ್ಟಿತು. ಆದರೆ ಅದು ಹೋದದ್ದು ಕಂಪೆನಿಗಲ್ಲ, ನ್ಯೂವಾರ್ಕ್ ಪಬ್ಲಿಕ್ ರೇಡಿಯೋ ಎಂಬ ಲಾಭರಹಿತ ಸಂಸ್ಥೆಗೆ. 1979ರಲ್ಲಿ ಸಾರ್ವಜನಿಕ ಕೇಂದ್ರವಾಗಿ ಆರಂಭಗೊಂಡ ಅದು ಕೇಳುಗರ ವಂತಿಗೆಯ ಬಲದಿಂದ ಇಂದಿಗೂ 88.3ರಲ್ಲಿ ಜಾಝ್ ಬಿತ್ತರಿಸುತ್ತಿದೆ. ಶ್ರೀಮಂತ ನಗರ ಕಳೆದುಕೊಂಡದ್ದನ್ನು ಅದಕ್ಕೆ ಕೇಳಿಸುತ್ತಿರುವುದು ಪಕ್ಕದ ಬಡ ನಗರ.

ಹಾಗಂತ ಈ ಮಾದರಿಗೆ ಅಪಾಯವಿಲ್ಲವೆಂದಲ್ಲ. 2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಣವನ್ನು ಹಿಂತೆಗೆದುಕೊಂಡಿತು. ಸರಕಾರದ ಕೃಪೆಯೂ ಮಾರುಕಟ್ಟೆಯ ಕೃಪೆಯಷ್ಟೇ ಚಂಚಲ. ಕೊನೆಗೆ ಉಳಿಯುವುದು ಕಿಸೆಯಿಂದ ನಾಲ್ಕು ಕಾಸು ತೆಗೆದುಕೊಡುವ ಕೇಳುಗ.

ರಿವರ್‌ಸೈಡ್ ಚರ್ಚ್ ಮಾಡಿದ್ದು ಅಪರಾಧವೇ? ನಾವು ಹಾಗೆ ಹೇಳಲಾರೆವು. ಪ್ರಾರ್ಥನಾ ಮಂದಿರದ ಹಣಕ್ಕೆ ಬಡವರ ಹಕ್ಕು ಮೊದಲು. ಸಂಗೀತದ ನಷ್ಟವನ್ನು ವರ್ಷಗಟ್ಟಲೆ ಹೊರಬೇಕೆಂದು ಹೊರಗೆ ನಿಂತ ನಾವು ಉಪದೇಶ ಮಾಡುವಂತಿಲ್ಲ. ಕೈಬಿಟ್ಟದ್ದಲ್ಲ, ಕೈಬಿಟ್ಟ ಬಗೆ ನಮ್ಮ ತಕರಾರು. ಒಳ್ಳೆಯ ಉದ್ದೇಶದಿಂದ ಕಟ್ಟಿದ ಸಂಸ್ಥೆಯನ್ನು ನಡೆಸಲಾಗದೆ ಇರುವುದು ಅಸಹಾಯಕತೆ. ಅದು ಯಾರ ಕೈಗೆ ಹೋಗುತ್ತದೆ, ಅವರು ಯಾರಿಗೆ ಉತ್ತರದಾಯಿಗಳು ಎಂದು ಕೇಳದೆ ಇರುವುದು ಹೊಣೆಗೇಡಿತನ. ಅಮಾನತ್ತಾಗಿ ಬಂದದ್ದನ್ನು ಅಮಾನತ್ತಾಗಿಯೇ ದಾಟಿಸಬೇಕು. ನ್ಯೂವಾರ್ಕಿನ ಶಿಕ್ಷಣ ಮಂಡಳಿ ತಿಳಿದೋ ತಿಳಿಯದೆಯೋ ಮಾಡಿದ್ದು ಅದನ್ನು.

ಶಾಲೆ, ಪತ್ರಿಕೆ, ಗ್ರಂಥಾಲಯ, ಆಸ್ಪತ್ರೆ ಎಂದು ಸಮುದಾಯದ ದುಡ್ಡಿನಿಂದ ಏನನ್ನಾದರೂ ಕಟ್ಟಿದವರೆಲ್ಲ ಒಂದು ದಿನ ಈ ಪ್ರಶ್ನೆಯ ಎದುರು ನಿಲ್ಲಲೇಬೇಕು. ಕಟ್ಟುವಾಗ ನಾವು ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಬರಬೇಕೆಂದು ಚರ್ಚಿಸುತ್ತೇವೆ. ನಮ್ಮಿಂದ ಆಗದೆ ಹೋದ ದಿನ ಇದನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನೂ ಅಂದೇ ಬರೆದಿಡುವುದು ಒಳ್ಳೆಯದು.